ಏಣಿಯಿಂದ ಬಿದ್ದ ತಮ್ಮನ ಮಣಿಕಟ್ಟು ಮೇಲೇಳುತ್ತಿಲ್ಲ: ಕರೆಂಟು, ಲೇಸರ್, ಎಣ್ಣೆ ಇವುಗಳಲ್ಲಿ ನರಕ್ಕೆ ನಿಜವಾಗಿ ನೆರವಾಗುವುದು ಯಾವುದು?

ಸಿದ್ದಾಪುರದ ಅಕ್ಕ, ಮೇ 12
ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಕೊನೆಯ ವಾರ ಕರಿಮೆಣಸು ಕೊಯ್ಯುವಾಗ ನನ್ನ ತಮ್ಮ ಏಣಿಯಿಂದ ಜಾರಿ ಬಿದ್ದ. ಬಲ ತೋಳಿನ ಮೂಳೆ ನಡುಭಾಗದಲ್ಲಿ ಮುರಿಯಿತು. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಪ್ಲೇಟ್ ಕೂರಿಸಿದರು. ಮೂಳೆ ಚೆನ್ನಾಗಿ ಕೂಡುತ್ತಿದೆ. ಆದರೆ ಬಿದ್ದ ದಿನದಿಂದ ಮಣಿಕಟ್ಟು ಮೇಲೇಳುತ್ತಿಲ್ಲ. ಕೈ ಚಾಚಿದರೆ ಬಾಡಿದ ಕೆಸುವಿನ ಎಲೆಯ ಹಾಗೆ ಜೋತು ಬೀಳುತ್ತದೆ. ಹೆಬ್ಬೆರಳಿನ ಬುಡದ ಹಿಂಭಾಗದಲ್ಲಿ ಮುಟ್ಟಿದರೂ ಗೊತ್ತಾಗುವುದಿಲ್ಲ. ಮಣಿಕಟ್ಟು, ಬೆರಳುಗಳನ್ನು ಮೇಲೆತ್ತಿಸುವ ರೇಡಿಯಲ್ ನರಕ್ಕೆ ಪೆಟ್ಟಾಗಿದೆ, ಕಾಯಿರಿ ಎಂದರು. ಎಷ್ಟು ದಿನ ಕಾಯಬೇಕು, ಕಾಯುವಾಗ ಏನು ಮಾಡಬೇಕು ಎಂದು ಬಿಡಿಸಿ ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಈಗ ಮನೆಯಲ್ಲಿ ಮೂರು ಪಕ್ಷ. ಚಿಕ್ಕಪ್ಪನಿಗೆ ಕರೆಂಟು ಕೊಡಿಸಬೇಕು. ಒಂದು ಖಾಸಗಿ ಕೇಂದ್ರದವರು ಲೇಸರ್ ಹಾಕಿದರೆ ನರ ಬೆಳೆಯುತ್ತದೆ, ಒಂದು ಸಲಕ್ಕೆ 800 ರೂಪಾಯಿ, ಇಪ್ಪತ್ತು ಸಲ ಬರಬೇಕು ಎನ್ನುತ್ತಾರೆ. ದೊಡ್ಡಪ್ಪನಿಗೆ ಕೇರಳದ ಎಣ್ಣೆ ಚಿಕಿತ್ಸೆಯ ಮೇಲೆ ನಂಬಿಕೆ. ತಮ್ಮನಿಗೆ ಇನ್ನೂ ಇಪ್ಪತ್ತಾರು. ಪ್ರತಿ ವರ್ಷ ಕೊಡಗಿನ ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿ ಆಡುತ್ತಿದ್ದವನು ಈ ಸಲ ಕೈಯನ್ನು ಶಾಲಿನೊಳಗೆ ಅಡಗಿಸಿಕೊಂಡು ಗ್ಯಾಲರಿಯಲ್ಲಿ ಕುಳಿತಿದ್ದ. ಇನ್ನೊಮ್ಮೆ ಕುಯ್ಯಿಸಿಕೊಳ್ಳಲು ಅವನು ಸಿದ್ಧನಿಲ್ಲ. ಕುಯ್ಯದೆ ಮಾಡುವ ಚಿಕಿತ್ಸೆಗಳಲ್ಲಿ ಯಾವುದು ನಿಜ, ಯಾವುದು ಬರಿದೇ ಖರ್ಚು? ಅನುಭವ ಇದ್ದವರು ದಯವಿಟ್ಟು ಹೇಳಿ.

ಪಾಲಿಬೆಟ್ಟದ ಬೆಳೆಗಾರ
ಅಕ್ಕ, ನಮ್ಮ ತೋಟದ ಲೆಕ್ಕ ಬರೆಯುವ ರೈಟರ್‌ಗೂ ಹೀಗೇ ಆಗಿತ್ತು. ಏನೂ ಮಾಡಲಿಲ್ಲ, ಐದು ತಿಂಗಳಿಗೆ ತಾನಾಗಿಯೇ ಸರಿಹೋಯಿತು. ಸುಮ್ಮನೆ ಕಾಯಿರಿ.

ಕುಟ್ಟದವನು
ಸುಮ್ಮನೆ ಕಾಯಬೇಡಿ. ಗಡಿ ದಾಟಿದರೆ ಒಳ್ಳೆಯ ವೈದ್ಯರಿದ್ದಾರೆ. ನನ್ನ ಮಾವನ ಕೈ ಇಪ್ಪತ್ತೊಂದು ದಿನದ ಉಳಿಚ್ಚಿಲ್‌ನಿಂದ, ಅಂದರೆ ಎಣ್ಣೆ ಹಚ್ಚಿ ಮೈ ನೀವುವ ಚಿಕಿತ್ಸೆಯಿಂದ, ಸರಿಯಾಗಿದೆ. ಕಣ್ಣಾರೆ ಕಂಡವನು ನಾನು.

ಗೋಣಿಕೊಪ್ಪದ ಮೇಷ್ಟರು
ಕುಟ್ಟದವರೇ, ನಿಮ್ಮ ಮಾವನಿಗೆ ನರವೇ ಪೆಟ್ಟಾಗಿತ್ತೇ ಅಥವಾ ಕೀಲು ಬಿಗಿದಿತ್ತೇ? ಎರಡೂ ಒಂದಲ್ಲ. ಬಿಗಿದ ಕೀಲಿಗೆ ಎಣ್ಣೆ ತಿಕ್ಕಿದರೆ ಸಡಿಲವಾಗುವುದು ಸಹಜ. ನರ ಚಿಗುರುವುದು ಬೇರೆ ಮಾತು.

ಕುಟ್ಟದವನು
ಕೈ ಎತ್ತಲಾಗುತ್ತಿರಲಿಲ್ಲ, ಆಮೇಲೆ ಎತ್ತಿದರು. ನನಗೆ ಅಷ್ಟು ಸಾಕು ಮೇಷ್ಟರೇ.

ಮಡಿಕೇರಿ ಫಿಸಿಯೋ
ನಾನು ಹದಿನಾಲ್ಕು ವರ್ಷಗಳಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ನರದ ಪೆಟ್ಟು ಎಂದರೆ ಒಂದೇ ಬಗೆಯದಲ್ಲ. 1943ರಲ್ಲಿ ಸೆಡ್ಡನ್ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯರು ಇದನ್ನು ಮೂರಾಗಿ ವಿಂಗಡಿಸಿದರು, ಇಂದಿಗೂ ನಾವು ಅದನ್ನೇ ಬಳಸುತ್ತೇವೆ. ಮೊದಲನೆಯದರಲ್ಲಿ ನರದ ಎಳೆ ಕಡಿದಿರುವುದಿಲ್ಲ, ಒತ್ತಡದಿಂದ ಸಂದೇಶ ಮಾತ್ರ ನಿಂತಿರುತ್ತದೆ. ಇದು ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಮೂರು ತಿಂಗಳ ಆಸುಪಾಸಿನಲ್ಲಿ ಮರಳುತ್ತದೆ. ಎರಡನೆಯದರಲ್ಲಿ ಒಳಗಿನ ಎಳೆಗಳು ಕಡಿದು ಹೊರಗಿನ ಕೊಳವೆ ಉಳಿದಿರುತ್ತದೆ. ಪೆಟ್ಟು ಬಿದ್ದ ಜಾಗದಿಂದ ಕೆಳಗಿನ ಎಳೆ ಸಾಯುತ್ತದೆ, ಮೇಲಿನಿಂದ ಹೊಸ ಎಳೆ ಆ ಕೊಳವೆಯೊಳಗೇ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಇಳಿದು ಬರುತ್ತದೆ. ಮೂರನೆಯದರಲ್ಲಿ ನರವೇ ತುಂಡು. ಅದು ತಾನಾಗಿ ಕೂಡುವುದಿಲ್ಲ. ಯಾವ ಯಂತ್ರವೂ, ಯಾವ ಎಣ್ಣೆಯೂ ಅದನ್ನು ಕೂಡಿಸುವುದಿಲ್ಲ. ಹೊಲಿಯಲೇಬೇಕು.

ಹಾಗಾಗಿ ಅಕ್ಕ, ಮೊದಲು ಡಿಸ್ಚಾರ್ಜ್ ಕಾಗದ ತೆಗೆದು ನೋಡಿ. ಪ್ಲೇಟ್ ಹಾಕುವಾಗ ಸಾಮಾನ್ಯವಾಗಿ ನರವನ್ನು ನೋಡಿರುತ್ತಾರೆ, ಬರೆದಿರುತ್ತಾರೆ. ಅದು ಅಖಂಡವಾಗಿತ್ತೇ ಎಂಬುದೇ ನಿಮ್ಮ ಎಲ್ಲ ಪ್ರಶ್ನೆಗಳ ಬುಡ. ಎರಡನೆಯದಾಗಿ, ದರ್ಜಿಯ ಟೇಪಿನಿಂದ ಮುರಿತದ ಜಾಗದಿಂದ ಮೊಣಕೈಯವರೆಗೆ ಅಳೆದು ಎಷ್ಟು ಸೆಂಟಿಮೀಟರ್ ಎಂದು ಹೇಳಿ.

ಪಾಲಿಬೆಟ್ಟದ ಬೆಳೆಗಾರ
ನಮ್ಮ ರೈಟರ್‌ಗೆ ಐದು ತಿಂಗಳು ಹಿಡಿದದ್ದು ಏಕೆಂದು ಈಗ ಅರ್ಥವಾಯಿತು.

ನಾಪೋಕ್ಲು ಮಳೆ
ಬಿದಿರಿನ ಏಣಿಯೇ? ನಾವು ಅಲ್ಯೂಮಿನಿಯಂ ಏಣಿಗೆ ಬದಲಾಯಿಸಿ ನಾಲ್ಕು ವರ್ಷವಾಯಿತು. ಬಿದಿರಿನದು ಗಂಟಿನಲ್ಲಿ ಹುಳು ಹಿಡಿದರೆ ಹೊರಗೆ ಕಾಣುವುದೇ ಇಲ್ಲ.

ಶನಿವಾರಸಂತೆ 62
ಅಲ್ಯೂಮಿನಿಯಂ ಏಣಿಯನ್ನು ತೋಟದಲ್ಲಿ ಎತ್ತಿಕೊಂಡು ನಡೆಯುವಾಗ ವಿದ್ಯುತ್ ತಂತಿಗೆ ತಾಗಿ ಜೀವ ಕಳೆದುಕೊಂಡವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ! ಕೈ ಮುರಿದರೆ ಕೂಡೀತು, ತಂತಿ ತಗುಲಿದರೆ ಹೆಣವೇ. ತಂತಿ ಹಾದುಹೋಗುವ ಸಾಲಿನಲ್ಲಿ ಬಿದಿರೇ ಇರಲಿ.

ನಾಪೋಕ್ಲು ಮಳೆ
ಅದು ನಿಜ, ಒಪ್ಪಿದೆ. ತಂತಿಯ ಕೆಳಗೆ ನಾವೂ ಅದನ್ನು ಒಯ್ಯುವುದಿಲ್ಲ. ವಿದ್ಯುತ್ ನಿರೋಧಕ ಫೈಬರ್ ಏಣಿ ಬಂದಿದೆ, ಬೆಲೆ ನೋಡಿದರೆ ಸಣ್ಣ ಬೆಳೆಗಾರರಿಗೆ ಎಟುಕುವುದಿಲ್ಲ.

ಗೋಣಿಕೊಪ್ಪದ ಮೇಷ್ಟರು
ಏಣಿಗೆ ಬೇರೆ ಚರ್ಚೆ ಆರಂಭಿಸಿ. ಇಲ್ಲಿ ಆ ಹುಡುಗನ ಕೈಯ ವಿಷಯ ಇರಲಿ.

ನನ್ನದೇ ಕಥೆ ಹೇಳುತ್ತೇನೆ. 2011ರಲ್ಲಿ ಬೇಲಿಯ ಬಳಿ ಕಾಡು ಸವರುವಾಗ ಕತ್ತಿ ಜಾರಿ ಎಡ ಮಣಿಕಟ್ಟಿನ ಒಳಭಾಗ ಕುಯ್ದುಕೊಂಡಿತು. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಸ್ಪರ್ಶ ಕೊಡುವ ಮೀಡಿಯನ್ ನರ ಪೂರ್ತಿ ತುಂಡು. ಮರುದಿನವೇ ಹೊಲಿದರು, ಅದು ನನ್ನ ಪುಣ್ಯ. ಹೊಲಿದ ಮೇಲೆ ಎಂಟು ತಿಂಗಳು ಬೆರಳ ತುದಿಗೆ ಏನೂ ತಿಳಿಯಲಿಲ್ಲ. ಸ್ಪರ್ಶ ಮರಳಿದಾಗಲೂ ಅದು ಕಲಸುಮೇಲೋಗರ. ತೋರುಬೆರಳು ಮುಟ್ಟಿದರೆ ನಡುಬೆರಳು ಮುಟ್ಟಿದ ಹಾಗೆ. ಬಳಪ ಹಿಡಿದರೆ ಹಿಡಿದಿದ್ದೇನೋ ಬಿಟ್ಟಿದ್ದೇನೋ ತಿಳಿಯದು.

ಆಗ ಚಿಕಿತ್ಸಕಿಯೊಬ್ಬರು ಹೇಳಿಕೊಟ್ಟದ್ದು ಇದು: ಎಳೆಗಳು ಹಳೆಯ ಮನೆಗೇ ಮರಳುವುದಿಲ್ಲ, ಪಕ್ಕದ ಮನೆಗೆ ಹೋಗಿರುತ್ತವೆ, ಮೆದುಳಿಗೆ ಹೊಸ ವಿಳಾಸ ಕಲಿಸಬೇಕು. ಐದು ಬಟ್ಟಲುಗಳಲ್ಲಿ ಕಾಫಿ ಬೀಜ, ಕರಿಮೆಣಸು, ಏಲಕ್ಕಿ, ಭತ್ತ, ಹತ್ತಿ ಇಟ್ಟುಕೊಂಡೆ. ಮೊದಲು ಕಣ್ಣು ತೆರೆದು ಮುಟ್ಟುವುದು, ಆಮೇಲೆ ಕಣ್ಣು ಮುಚ್ಚಿ ಮುಟ್ಟಿ ಹೆಸರು ಹೇಳುವುದು, ತಪ್ಪಾದರೆ ಕಣ್ಣು ತೆರೆದು ನೋಡಿ ಮತ್ತೆ ಮುಟ್ಟುವುದು. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಹತ್ತು ನಿಮಿಷ. ಮೊದಮೊದಲು ಕಾಫಿ ಬೀಜಕ್ಕೂ ಏಲಕ್ಕಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಒಂದು ವರ್ಷದ ಮೇಲೆ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಯಾವುದು, ಹಣ್ಣಾಗಿಯೇ ಒಣಗಿಸಿದ ಚೆರಿ ಯಾವುದು ಎಂದು ಮುಟ್ಟಿಯೇ ಹೇಳುತ್ತಿದ್ದೆ. ಅದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ.

ಭಾಗಮಂಡಲದ ಸೊಸೆ
ಮೇಷ್ಟರೇ, ಇದನ್ನು ಓದಿ ಕಣ್ಣು ತುಂಬಿತು. ಅತ್ತೆಯವರಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಮರಗಟ್ಟಿದೆ. ಅವರಿಗೂ ಈ ಅಭ್ಯಾಸ ಆಗುತ್ತದೆಯೇ?

ಮಡಿಕೇರಿ ಫಿಸಿಯೋ
ಅಮ್ಮ, ಅದು ಬೇರೆ. ಪೆಟ್ಟು ಬಿದ್ದ ನರ ಒಂದು ಜಾಗದಲ್ಲಿ ಕೆಟ್ಟಿರುತ್ತದೆ, ಸಕ್ಕರೆಯದು ಎರಡೂ ಪಾದಗಳ ತುದಿಯಿಂದ ನಿಧಾನವಾಗಿ ಮೇಲಕ್ಕೆ ಹತ್ತುತ್ತದೆ. ಅಲ್ಲಿ ಸಕ್ಕರೆ ಹತೋಟಿ, ನಡಿಗೆ, ಸಮತೋಲನದ ಅಭ್ಯಾಸ, ಪಾದದ ಕಾವಲು ಮುಖ್ಯ. ದಿನವೂ ರಾತ್ರಿ ಪಾದದ ಅಡಿಯನ್ನು ಕನ್ನಡಿ ಇಟ್ಟು ನೋಡಿ. ನಮ್ಮಲ್ಲಿ ಜಿಗಣೆ ಕಚ್ಚಿ ರಕ್ತ ಹರಿದರೂ ಅವರಿಗೆ ತಿಳಿಯುವುದಿಲ್ಲ. ಇನ್ನೊಂದು ಮಾತು ಕೈ ಮುಗಿದು ಹೇಳುತ್ತೇನೆ: ಮಳೆಗಾಲದಲ್ಲಿ ಒಲೆಯ ಮುಂದೆ ಕಾಲು ಚಾಚಿ ಕಾಯಿಸಿಕೊಳ್ಳಲು ಬಿಡಬೇಡಿ, ಬಿಸಿನೀರಿನ ಚೀಲವೂ ಬೇಡ. ಸುಟ್ಟ ಗಾಯ ಕಂಡ ಮೇಲೆಯೇ ಸುಟ್ಟಿತೆಂದು ಅವರಿಗೆ ಗೊತ್ತಾಗುವುದು. ಪ್ರತಿ ಜುಲೈಯಲ್ಲಿ ಇಂಥವರನ್ನು ನೋಡುತ್ತೇನೆ.

ಭಾಗಮಂಡಲದ ಸೊಸೆ
ಅಯ್ಯೋ, ಅವರು ದಿನವೂ ಕುಳಿತುಕೊಳ್ಳುವುದೇ ಒಲೆಯ ಮುಂದೆ. ಇವತ್ತಿನಿಂದಲೇ ಉಣ್ಣೆಯ ಕಾಲುಚೀಲ ಹಾಕಿಸುತ್ತೇನೆ.

ಸಿದ್ದಾಪುರದ ಅಕ್ಕ, ಮೇ 13
ಫಿಸಿಯೋ ಅಣ್ಣ, ಕಾಗದ ಸಿಕ್ಕಿತು. ನರ ತುಂಡಾಗಿಲ್ಲ, ಮುರಿದ ಮೂಳೆಯ ಬಳಿ ಜಜ್ಜಿದಂತಿತ್ತು ಎಂದು ಬರೆದಿದ್ದಾರೆ. ಎರಡೂವರೆ ತಿಂಗಳಿನಿಂದ ಈ ಕಾಗದ ಕಪಾಟಿನಲ್ಲೇ ಇತ್ತು! ಟೇಪಿನಲ್ಲಿ ಅಳೆದೆ, ಹನ್ನೊಂದು ಸೆಂಟಿಮೀಟರ್.

ಮಡಿಕೇರಿ ಫಿಸಿಯೋ
ಒಳ್ಳೆಯ ಸುದ್ದಿ. ಹನ್ನೊಂದು ಸೆಂಟಿಮೀಟರ್ ಎಂದರೆ 110 ದಿನ, ಅದಕ್ಕೆ ಎಳೆ ಚಿಗುರಲು ಹಿಡಿಯುವ ಆರಂಭದ ಕೆಲವು ವಾರವನ್ನೂ ಕೂಡಿಸಿಕೊಳ್ಳಿ. ಮೊದಲು ಎಚ್ಚರಗೊಳ್ಳುವುದು ಮೊಣಕೈ ಬಳಿಯ ಸ್ನಾಯು, ಆಮೇಲೆ ಮಣಿಕಟ್ಟು ಎತ್ತುವವು, ಕೊನೆಗೆ ಹೆಬ್ಬೆರಳು. ಅಂದರೆ ಜೂನ್ ಕೊನೆಗೆ ಅಥವಾ ಜುಲೈಗೆ ಮೊದಲ ಅಲುಗಾಟ ಕಾಣಬೇಕು. ಮೇ ತಿಂಗಳಲ್ಲಿ ಏನೂ ಕಾಣದಿರುವುದು ಸೋಲಲ್ಲ.

ನರ ಎಲ್ಲಿಯವರೆಗೆ ಬಂದಿದೆ ಎಂದು ಬೆರಳಿನಿಂದಲೇ ನೋಡಬಹುದು. ಮಣಿಕಟ್ಟಿನ ಕಡೆಯಿಂದ ಮೇಲಕ್ಕೆ, ನರದ ಹಾದಿಯಲ್ಲಿ, ಮೆಲ್ಲಗೆ ತಟ್ಟುತ್ತ ಹೋಗಿ. ಎಲ್ಲಿ ತಟ್ಟಿದಾಗ ಹೆಬ್ಬೆರಳಿನ ಹಿಂಭಾಗದಲ್ಲಿ ಜುಮ್ಮೆನ್ನುತ್ತದೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿ. ಫ್ರಾನ್ಸಿನ ಟಿನೆಲ್ 1915ರಲ್ಲಿ ಯುದ್ಧದ ಗಾಯಾಳುಗಳಲ್ಲಿ ಕಂಡು ವಿವರಿಸಿದ ಪರೀಕ್ಷೆ ಇದು. ತಿಂಗಳಿಗೊಮ್ಮೆ ಆ ಗುರುತು ಕೆಳಗಿಳಿಯುತ್ತಿದ್ದರೆ ಎಳೆ ಬೆಳೆಯುತ್ತಿದೆ ಎಂದರ್ಥ. ಒಂದೇ ಕಡೆ ನಿಂತಿದ್ದರೆ ಸುಮ್ಮನಿರಬೇಡಿ.

ಅಮ್ಮತ್ತಿಯ ಅಜ್ಜ
ಆರು ತಿಂಗಳೋ ವರ್ಷವೋ ಕಾದರೆ ಏನು ನಷ್ಟ? ಹುಡುಗನಿಗೆ ವಯಸ್ಸಿದೆ.

ಮಡಿಕೇರಿ ಫಿಸಿಯೋ
ನಷ್ಟ ಇದೆ ಅಜ್ಜ. ನರ ಬರುವವರೆಗೆ ಸ್ನಾಯು ಕಾಯುವುದಿಲ್ಲ. ಒಂದರಿಂದ ಒಂದೂವರೆ ವರ್ಷ ನರವಿಲ್ಲದೆ ಉಳಿದರೆ ನರ ಮತ್ತು ಸ್ನಾಯು ಸೇರುವ ಜಾಗ ಕೆಟ್ಟುಹೋಗುತ್ತದೆ, ಆಮೇಲೆ ನರ ಬಂದು ಬಾಗಿಲು ತಟ್ಟಿದರೂ ತೆರೆಯುವವರಿಲ್ಲ. ಆದ್ದರಿಂದ ನಾಲ್ಕೈದು ತಿಂಗಳಿಗೆ ಏನೂ ಕಾಣದಿದ್ದರೆ ಕೈಯ ಶಸ್ತ್ರವೈದ್ಯರನ್ನು ನೋಡಲೇಬೇಕು. ನರ ಬರದಿದ್ದರೂ ಒಳಗೈ ಕಡೆಯ ಸ್ನಾಯುಗಳ ಕಂಡರ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ತಿರುಗಿಸಿ ಮಣಿಕಟ್ಟು ಎತ್ತಿಸುವ ಶಸ್ತ್ರಚಿಕಿತ್ಸೆ ಇದೆ, ರೇಡಿಯಲ್ ನರಕ್ಕೆ ಅದರ ಫಲ ಚೆನ್ನಾಗಿದೆ. ತಮ್ಮನಿಗೆ ಅದನ್ನು ಈಗಲೇ ಹೇಳಿಡಿ, ದಾರಿ ಮುಚ್ಚಿಲ್ಲ ಎಂದು ತಿಳಿದರೆ ಧೈರ್ಯ ಬರುತ್ತದೆ.

ಸಿದ್ದಾಪುರದ ಅಕ್ಕ
ಅಲ್ಲಿಯವರೆಗೆ? ಕರೆಂಟು, ಲೇಸರ್?

ಮಡಿಕೇರಿ ಫಿಸಿಯೋ
ನನ್ನ ಕೆಲಸಕ್ಕೇ ಇದು ಹೊಡೆತವಾದರೂ ಹೇಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾದದ್ದು ಮಣಿಕಟ್ಟನ್ನು ಎತ್ತಿ ಹಿಡಿಯುವ ಸ್ಪ್ಲಿಂಟ್ ಎಂಬ ಪಟ್ಟಿ ಮತ್ತು ಎಡಗೈಯಿಂದ ಬಲಗೈಯ ಪ್ರತಿ ಕೀಲನ್ನೂ ದಿನಕ್ಕೆ ಮೂರ್ನಾಲ್ಕು ಸಲ ಪೂರ್ತಿ ಬಿಡಿಸುವುದು. ಮಣಿಕಟ್ಟು ಜೋತುಬಿದ್ದೇ ಇದ್ದರೆ ಒಳಗೈ ಸ್ನಾಯು ಮೊಟಕಾಗಿ ಬೆರಳು ಮಡಚಿಕೊಳ್ಳುತ್ತದೆ. ಆಗ ನರ ಮರಳಿದರೂ ಕೈ ಬಿಚ್ಚದು. ಸ್ಪ್ಲಿಂಟ್ ಇದ್ದರೆ ಮುಷ್ಟಿಗೆ ಬಲವೂ ಬರುತ್ತದೆ, ಅನ್ನ ಕಲಸಬಹುದು, ಕೊಡೆ ಹಿಡಿಯಬಹುದು. ಅವನಿಗೆ ಸ್ಪ್ಲಿಂಟ್ ಕೊಟ್ಟಿದ್ದಾರೆಯೇ?

ಕರೆಂಟಿನ ವಿಷಯ. ನೋವಿಗೆಂದು ಮಾರುವ ಚಿಕ್ಕ ಟೆನ್ಸ್ ಯಂತ್ರ ನರ ಬೆಳೆಸುವುದಿಲ್ಲ. ಅದರ ಸಣ್ಣ ಮಿಡಿತಕ್ಕೆ ನರವಿಲ್ಲದ ಸ್ನಾಯು ಕುಣಿಯುವುದೂ ಇಲ್ಲ, ಅದಕ್ಕೆ ಉದ್ದನೆಯ ಮಿಡಿತದ ಗ್ಯಾಲ್ವನಿಕ್ ಯಂತ್ರ ಬೇಕು. ಅದರಿಂದ ಸ್ನಾಯು ಸೊರಗುವುದು ಸ್ವಲ್ಪ ತಡವಾಗಬಹುದು, ಪುರಾವೆ ಗಟ್ಟಿಯಾಗಿಲ್ಲ. ಶಸ್ತ್ರಚಿಕಿತ್ಸೆಯ ವೇಳೆ ನರಕ್ಕೇ ಒಂದು ಗಂಟೆ 20 ಹರ್ಟ್ಜ್ ವಿದ್ಯುತ್ ಕೊಟ್ಟರೆ ಎಳೆ ಬೇಗ ಚಿಗುರುತ್ತದೆ ಎಂದು ಕೆನಡಾದವರು ತೋರಿಸಿದ್ದಾರೆ, ಆದರೆ ಅದು ಚರ್ಮದ ಮೇಲಿನ ಕರೆಂಟಲ್ಲ. ಮುಖ್ಯವಾದ ಎಚ್ಚರಿಕೆ: ಪ್ಲೇಟ್ ಇರುವ ತೋಳಿಗೆ ಶಾರ್ಟ್‌ವೇವ್ ಡಯಾಥರ್ಮಿ, ಅಂದರೆ ಯಂತ್ರದ ಅಲೆಯಿಂದ ಒಳಗೆ ಕಾವು ಕೊಡುವ ಚಿಕಿತ್ಸೆ, ಯಾರೂ ಕೊಡಬಾರದು, ಲೋಹ ಕಾದು ಒಳಗೆ ಸುಡುತ್ತದೆ.

ಸುಂಟಿಕೊಪ್ಪದ ಸಿವಿಲ್ ಎಂಜಿನಿಯರ್
ಲೇಸರ್ ಅನ್ನು ಹಾಗೆ ತಳ್ಳಿಹಾಕಬೇಡಿ. ನಾನು ಮುಖದ ಪಾರ್ಶ್ವವಾಯುವಿಗೆ ತೆಗೆದುಕೊಂಡೆ, ಎರಡು ತಿಂಗಳಲ್ಲಿ ಪೂರ್ತಿ ಗುಣವಾಯಿತು. ವಿದೇಶದಲ್ಲಿ ಪ್ರಯೋಗಗಳೂ ಆಗಿವೆ.

ಮಡಿಕೇರಿ ಫಿಸಿಯೋ
ಆಗಿವೆ, ತಳ್ಳಿಹಾಕುತ್ತಿಲ್ಲ. 2007ರಲ್ಲಿ ಇಸ್ರೇಲಿನಲ್ಲಿ 780 ನ್ಯಾನೋಮೀಟರ್ ಲೇಸರ್ ಬಳಸಿದ ಪ್ರಯೋಗದಲ್ಲಿ ಸ್ನಾಯುವಿನ ಬಲ ಹೆಚ್ಚಿತು. ಆದರೆ ಅದರಲ್ಲಿದ್ದವರು 18 ಜನ. ಇಲಿಗಳಲ್ಲಿ ಫಲ ಚೆನ್ನಾಗಿ ಕಂಡಿದೆ. ಮುಖದ ಪಾರ್ಶ್ವವಾಯು ಬಹುಪಾಲು ಜನರಿಗೆ ಏನೂ ಮಾಡದಿದ್ದರೂ ಕೆಲವು ವಾರ, ತಿಂಗಳುಗಳಲ್ಲಿ ಗುಣವಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. 16,000 ರೂಪಾಯಿ ಕೈಯಲ್ಲಿ ಹೆಚ್ಚಾಗಿದ್ದರೆ ಲೇಸರ್ ಹಾಕಿಸಿ, ಹಾನಿ ಇಲ್ಲ. ಸಾಲ ಮಾಡಿ ಹಾಕಿಸಬೇಡಿ ಎಂಬುದಷ್ಟೇ ನನ್ನ ಮಾತು.

ಕುಟ್ಟದವನು
ಎಣ್ಣೆಯ ಬಗ್ಗೆ ಏನೂ ಹೇಳಲಿಲ್ಲ. ಬೇಡ ಎಂದೇ?

ಮಡಿಕೇರಿ ಫಿಸಿಯೋ
ಬೇಡ ಎನ್ನುವುದಿಲ್ಲ. ಮೂಳೆ ಕೂಡಿದೆ ಎಂದು ವೈದ್ಯರು ಹೇಳಿದ ಮೇಲೆ ಮುಂಗೈ, ಬೆರಳುಗಳಿಗೆ ಉಗುರುಬೆಚ್ಚಗಿನ ಎಣ್ಣೆ ಹಚ್ಚಿ ನಯವಾಗಿ ನೀವಲಿ. ಚರ್ಮ ಒಣಗದು, ಬಾವು ಇಳಿಯುತ್ತದೆ, ಮನೆಯವರು ಮುಟ್ಟಿ ನೀವುವುದರಿಂದ ರೋಗಿಗೆ ಸಮಾಧಾನವೂ ಇದೆ. ಮುರಿದ ಜಾಗದ ಮೇಲೆ ಬಲವಾಗಿ ಒತ್ತುವುದು, ಕಾದ ಕಿಳಿ (ಮದ್ದಿನ ಬಟ್ಟೆಗಂಟು) ಇಡುವುದು, ಬಿಗಿಯಾಗಿ ಕಟ್ಟು ಹಾಕುವುದು ಬೇಡ. ಬಿಗಿ ಕಟ್ಟಿನಿಂದ ರಕ್ತ ನಿಂತು ಇಡೀ ಮುಂಗೈ ಸ್ನಾಯು ಸತ್ತ ಹುಡುಗನನ್ನು ನಾನು ಕಂಡಿದ್ದೇನೆ.

ಕುಟ್ಟದವನು
ಇದು ನ್ಯಾಯವಾದ ಮಾತು. ನಮ್ಮ ವೈದ್ಯರೂ ಹೊಸ ಮುರಿತದ ಮೇಲೆ ಕೈ ಇಡುವುದಿಲ್ಲ.

ಚೆಟ್ಟಳ್ಳಿ ನರ್ಸರಿ
ನನ್ನದು ಕಾಲು. ಗಿಡದ ಚೀಲಕ್ಕೆ ಮಣ್ಣು ತುಂಬುತ್ತ ಮೂರು ದಿನ ಬೆಳಗ್ಗಿನಿಂದ ಸಂಜೆಯವರೆಗೆ ಕುಕ್ಕರಗಾಲಿನಲ್ಲಿ ಕುಳಿತಿದ್ದೆ. ನಾಲ್ಕನೆಯ ದಿನ ಎಡ ಪಾದ ಮೇಲೇಳಲಿಲ್ಲ, ನಡೆದರೆ ಚಪ್ಪಲಿ ನೆಲ ಉಜ್ಜುತ್ತಿತ್ತು. ಪಾರ್ಶ್ವವಾಯು ಎಂದು ಮನೆಯಲ್ಲಿ ಅಳು. ಮಂಡಿಯ ಹೊರಬದಿಯಲ್ಲಿ ಮೂಳೆಯ ಮೇಲೆ ಹಾದುಹೋಗುವ ನರ ಒತ್ತಿಹೋಗಿದೆ ಎಂದರು. ಕುಕ್ಕರಗಾಲು ಹಾಕಬೇಡ, ಕಾಲ ಮೇಲೆ ಕಾಲು ಹಾಕಬೇಡ ಎಂದು ಹೇಳಿ ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಕೊಟ್ಟರು. ಒಂಬತ್ತು ವಾರಕ್ಕೆ ಪೂರ್ತಿ ಸರಿಯಾಯಿತು. ಈಗ ನಮ್ಮ ಎಲ್ಲ ಹೆಂಗಸರಿಗೂ ಗಿಡ್ಡ ಮಣೆ ಮಾಡಿಸಿ ಕೊಟ್ಟಿದ್ದೇನೆ.

ಪಾಲಿಬೆಟ್ಟದ ಬೆಳೆಗಾರ
ಆ ಮಣೆಯ ಅಳತೆ ಕಳುಹಿಸಿ. ನಮ್ಮಲ್ಲೂ ಜೂನ್‌ನಲ್ಲಿ ಚೀಲ ತುಂಬುವುದಿದೆ.

ಸೋಮವಾರಪೇಟೆ ಆಶಾ
ನಾನು ಆಶಾ ಕಾರ್ಯಕರ್ತೆ. ಪೆಟ್ಟೇ ಬೀಳದೆ ಬೆರಳು ಮಡಚಿಕೊಂಡರೆ, ಪಾದ ಬಿದ್ದರೆ, ಮೈಮೇಲೆ ಸ್ಪರ್ಶವಿಲ್ಲದ ತಿಳಿ ಮಚ್ಚೆ ಇದೆಯೇ ನೋಡಿ. ಕುಷ್ಠರೋಗ ನರವನ್ನೇ ಹಿಡಿಯುತ್ತದೆ, ಮೊಣಕೈ ಹಿಂದಿನ ನರ ಹಗ್ಗದ ಹಾಗೆ ದಪ್ಪವಾಗುತ್ತದೆ. ತೋಟದ ಕೂಲಿಕಾರರ ಲೈನ್ ಮನೆಗಳಿಗೆ ಹೋದಾಗ ಹೇಳಿಕೊಳ್ಳಲು ನಾಚಿ ಮುಚ್ಚಿಡುತ್ತಾರೆ. ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಬೇಗ ಬಂದರೆ ನರ ಉಳಿಯುತ್ತದೆ.

ಶನಿವಾರಸಂತೆ 62
ಬಿ12 ಚುಚ್ಚುಮದ್ದು ಹಾಕಿಸಿದರೆ ನರ ಬೇಗ ಚಿಗುರುತ್ತದೆ ಎಂದು ಔಷಧ ಅಂಗಡಿಯವರು ಹೇಳಿದರು. ಕಕ್ಕಡ ಮಾಸದಲ್ಲಿ ಉಣ್ಣುವ ಮದ್ದುಸೊಪ್ಪು ಕೂಡ ಒಳ್ಳೆಯದಂತೆ.

ಗೋಣಿಕೊಪ್ಪದ ಮೇಷ್ಟರು
ಬಿ12 ಕೊರತೆ ಇದ್ದವರಿಗೆ ಅದು ಅಮೃತ. ಕೊರತೆ ಇದೆಯೇ ಎಂದು ರಕ್ತ ಪರೀಕ್ಷೆ ಹೇಳುತ್ತದೆ. ಅಂಗಡಿಯ ನರದ ಮಾತ್ರೆಗಳಲ್ಲಿ ಬಿ6 ಕೂಡ ಇರುತ್ತದೆ, ಅದನ್ನು ತಿಂಗಳುಗಟ್ಟಲೆ ಹೆಚ್ಚಾಗಿ ನುಂಗಿದರೆ ನರವೇ ಕೆಡುತ್ತದೆ. ಮದ್ದುಸೊಪ್ಪು ನಮ್ಮ ಹಬ್ಬದ ಊಟ, ಸಂತೋಷದಿಂದ ಉಣ್ಣೋಣ. ನರ ಬೆಳೆಸುವ ಚಿಕಿತ್ಸೆಯೆಂದು ನೆಚ್ಚಿ ಕೂರುವುದು ಬೇಡ.

ಸಿದ್ದಾಪುರದ ಅಕ್ಕ, ಮೇ 14
ಸ್ಪ್ಲಿಂಟ್ ಕೊಟ್ಟಿದ್ದರು ಅಣ್ಣ, ಸೆಕೆ ಎಂದು ಅವನು ಬಿಚ್ಚಿ ಎಸೆದಿದ್ದ. ನಿನ್ನೆ ರಾತ್ರಿ ಈ ಚರ್ಚೆಯನ್ನು ಅವನಿಗೇ ಓದಿ ಹೇಳಿದೆ. ಮೇಷ್ಟರ ಬಟ್ಟಲುಗಳ ಕಥೆಯನ್ನು ಎರಡು ಸಲ ಓದಿಸಿದ. ಇವತ್ತು ಬೆಳಗ್ಗೆ ತಾನೇ ಸ್ಪ್ಲಿಂಟ್ ಹುಡುಕಿ ಹಾಕಿಕೊಂಡ. ತಟ್ಟಿ ನೋಡಿದೆವು, ಮುರಿತದಿಂದ ಐದು ಸೆಂಟಿಮೀಟರ್ ಕೆಳಗೆ ಜುಮ್ಮೆಂದಿತು. ಪೆನ್ನಿನ ಗುರುತು ಹಾಕಿ ಮೊಬೈಲ್‌ನಲ್ಲಿ ಚಿತ್ರ ತೆಗೆದಿದ್ದೇನೆ. ಪ್ರತಿದಿನ ಮಡಿಕೇರಿಗೆ ಬರಲು ಆಗುವುದಿಲ್ಲ, ನಮ್ಮ ರಸ್ತೆಯಲ್ಲಿ ಸಂಜೆಯಾದರೆ ಆನೆ.

ಮಡಿಕೇರಿ ಫಿಸಿಯೋ
ಪ್ರತಿದಿನ ಬೇಡ. ಎರಡು ವಾರಕ್ಕೊಮ್ಮೆ ಬೆಳಗ್ಗೆ ಬನ್ನಿ, ಅಭ್ಯಾಸ ತಿದ್ದಿ ಕಳುಹಿಸುತ್ತೇನೆ. ಮನೆಯಲ್ಲಿ ಕನ್ನಡಿ ಅಭ್ಯಾಸವನ್ನೂ ಮಾಡಿಸಿ. ಬಲಗೈ ಕನ್ನಡಿಯ ಹಿಂದೆ, ಎಡಗೈ ಮುಂದೆ. ಎಡ ಮಣಿಕಟ್ಟು ಎತ್ತುತ್ತ ಕನ್ನಡಿಯಲ್ಲಿ ನೋಡಿದರೆ ಬಲಗೈಯೇ ಎತ್ತಿದ ಹಾಗೆ ಕಾಣುತ್ತದೆ. ಕೈ ಕಳೆದುಕೊಂಡವರ ನೋವಿಗಾಗಿ ವಿ. ಎಸ್. ರಾಮಚಂದ್ರನ್ ತೊಂಬತ್ತರ ದಶಕದಲ್ಲಿ ಆರಂಭಿಸಿದ ಉಪಾಯ. ನರವನ್ನು ಅದು ಬೆಳೆಸದು, ಕೈಯನ್ನು ಮೆದುಳು ಮರೆಯದಂತೆ ಕಾಯುತ್ತದೆ.

ಸಿದ್ದಾಪುರದ ಅಕ್ಕ, ಜೂನ್ 29
ಎಲ್ಲರೂ ಕೇಳುತ್ತಿದ್ದಿರಿ, ತಡವಾಯಿತು. ಮಳೆಗೆ ಆರು ದಿನ ವಿದ್ಯುತ್ ಇರಲಿಲ್ಲ. ಗುರುತು ಮೊಣಕೈ ತಲುಪಿದೆ. ಮೊನ್ನೆ ಹೆಬ್ಬೆರಳು ಮೇಲೆ ಮಾಡಿ ಮೊಣಕೈ ಮಡಚುವಾಗ ಮುಂಗೈಯ ಮೇಲುಬದಿಯಲ್ಲಿ ಸ್ನಾಯುವೊಂದು ಉಬ್ಬಿತು. ಅವ್ವ ಕೈ ಇಟ್ಟು ನೋಡಿದರು, ನಾನೂ ನೋಡಿದೆ. ನಿಜವಾಗಿ ಉಬ್ಬುತ್ತದೆ. ಮಣಿಕಟ್ಟು ಇನ್ನೂ ಎದ್ದಿಲ್ಲ.

ಮಡಿಕೇರಿ ಫಿಸಿಯೋ
ಅಕ್ಕ, ಅದೇ ಮೊದಲ ಸ್ನಾಯು! ಮುಂದಿನದು ಮಣಿಕಟ್ಟು. ಸ್ಪ್ಲಿಂಟ್ ಈಗ ಬಿಡಬೇಡಿ, ಎಳೆಯ ಸ್ನಾಯುವನ್ನು ದಣಿಸಬೇಡಿ. ಸಲಕ್ಕೆ ಐದಾರು ಬಾರಿ ಸಾಕು, ದಿನದಲ್ಲಿ ಹಲವು ಸಲ. ಬೆರಳುಗಳಿಗೆ ರಬ್ಬರ್ ಎಳೆಯಿರುವ ಸ್ಪ್ಲಿಂಟ್ ಸಿಕ್ಕರೆ ಈಗ ಹೆಚ್ಚು ಉಪಯೋಗ.

ಅಮ್ಮತ್ತಿಯ ಅಜ್ಜ
ಅಂಥದ್ದು ನಮ್ಮಲ್ಲಿದೆ ಮಗಳೇ. ನನ್ನ ಮಗ ಬೈಕಿನಿಂದ ಬಿದ್ದಾಗ ತಂದದ್ದು, ಬಲಗೈಯದು. ನಿನ್ನ ತಮ್ಮನ ಅಂಗೈ ಅಗಲ ಎಷ್ಟು?

ಸಿದ್ದಾಪುರದ ಅಕ್ಕ
ಒಂಬತ್ತು ಸೆಂಟಿಮೀಟರ್ ಅಜ್ಜ.

ಅಮ್ಮತ್ತಿಯ ಅಜ್ಜ
ಸರಿಹೋಗುತ್ತದೆ. ನಾಳೆ ಬೆಳಗ್ಗಿನ ಬಸ್ಸಿನಲ್ಲಿ ನಿರ್ವಾಹಕರ ಕೈಗೆ ಕೊಟ್ಟು ಕಳುಹಿಸುತ್ತೇನೆ. ರಬ್ಬರ್ ಎಳೆ ಹಳತಾಗಿದೆ, ಹೊಸದು ಹಾಕಿಸಿಕೊಳ್ಳಿ.

ಮಡಿಕೇರಿ ಫಿಸಿಯೋ
ಎಳೆಯನ್ನು ನಾನು ಹಾಕಿಕೊಡುತ್ತೇನೆ. ಸೋಮವಾರ ಬರುವಾಗ ಸ್ಪ್ಲಿಂಟ್ ತನ್ನಿ.